ಪ್ಯಾನೆಲ್ ತೋರಿಸಿದ ಹಾದಿ, ಪಾಯಿಂಟ್ ಹಿಡಿದ ಹಾದಿ

2023ರ ಫೆಬ್ರುವರಿ 8ರ ಸಂಜೆ ಐದೂ ಮುಕ್ಕಾಲರ ಸುಮಾರಿಗೆ ಹೊಸದುರ್ಗ ರೋಡ್ ನಿಲ್ದಾಣದಿಂದ 12649 ಸಂಪರ್ಕ ಕ್ರಾಂತಿ ಎಕ್ಸ್‌ಪ್ರೆಸ್ ಹೊರಟಿತು. ಯಶವಂತಪುರದಿಂದ ದಿಲ್ಲಿಯ ನಿಜಾಮುದ್ದೀನಿಗೆ ಹೋಗುವ ಗಾಡಿ ಅದು. ಬೀರೂರು–ಚಿಕ್ಕಜಾಜೂರು ನಡುವಿನ ಜೋಡಿ ಹಳಿಯಲ್ಲಿ ಅದು ಹಿಡಿಯಬೇಕಾದದ್ದು ಅಪ್ ಲೈನು. ಮುಂದಿನ ಹಳಿ ಖಾಲಿಯಿದೆಯೇ ಎಂದು ಚಕ್ರಗಳನ್ನೆಣಿಸಿ ತಿಳಿಸುವ ಆಕ್ಸಲ್ ಕೌಂಟರ್ ಕೈಕೊಟ್ಟಿದ್ದರಿಂದ ಚಾಲಕರಿಗೆ ಕಾಗದದ ಅನುಮತಿ ಚೀಟಿ ಕೊಟ್ಟಿದ್ದರು. ಸ್ಟೇಷನ್ ಮಾಸ್ಟರ್ ಎದುರಿನ ಪ್ಯಾನೆಲ್‌ನಲ್ಲಿ ದಾರಿ ಸರಿಯಾಗಿಯೇ ಕಾಣುತ್ತಿತ್ತು. ಆದರೆ ಗಾಡಿಯನ್ನು ಹಳಿಯಿಂದ ಹಳಿಗೆ ದಾಟಿಸುವ ಮುಂದಿನ ಪಾಯಿಂಟ್ ಡೌನ್ ಲೈನಿಗೆ, ಅಂದರೆ ಎದುರು ಗಾಡಿಗಳು ಬರುವ ಹಳಿಗೆ ತಿರುಗಿತ್ತು. ಲೋಕೋ ಪೈಲಟ್ ಅದನ್ನು ಕಣ್ಣಾರೆ ಕಂಡು, ಪಾಯಿಂಟ್ ತಲುಪುವ ಮೊದಲೇ ಬ್ರೇಕ್ ಹಾಕಿದರು. ಯಾರಿಗೂ ಏನೂ ಆಗಲಿಲ್ಲ.

ಮರುದಿನವೇ ನೈಋತ್ಯ ರೈಲ್ವೆಯ ಪ್ರಧಾನ ಮುಖ್ಯ ಕಾರ್ಯಾಚರಣೆ ವ್ಯವಸ್ಥಾಪಕರು ಪತ್ರ ಬರೆದರು. ಪ್ಯಾನೆಲ್‌ನಲ್ಲಿ ದಾರಿ ಸರಿಯಾಗಿ ಕಾಣುತ್ತಿರುವಾಗಲೇ, ಗಾಡಿ ಹೊರಟ ಮೇಲೆ ದಾರಿ ಬದಲಾಗುವುದು ಪಾಯಿಂಟ್, ಸಿಗ್ನಲ್‌ಗಳನ್ನು ಒಂದಕ್ಕೊಂದು ಬಿಗಿಯುವ ಇಂಟರ್‌ಲಾಕಿಂಗ್‌ನ ಮೂಲತತ್ವಕ್ಕೇ ವಿರುದ್ಧ, ವ್ಯವಸ್ಥೆಯಲ್ಲಿ ಗಂಭೀರ ಲೋಪವಿದೆ ಎಂಬುದು ಅದರ ಸಾರ. ಚಿತ್ರದುರ್ಗ ಜಿಲ್ಲೆಯ ಈ ಸಣ್ಣ ನಿಲ್ದಾಣದ ಘಟನೆಯನ್ನು ಕಂಪ್ಯೂಟರ್ ವಿಜ್ಞಾನದ ವಿದ್ಯಾರ್ಥಿಗಳೆಲ್ಲ ಓದಬೇಕು ಎಂದು ನಾನು ಹೇಳುತ್ತೇನೆ. ಅಲ್ಲಿ ದಾರಿ ತಪ್ಪಿಸಿದ್ದು ಕೆಟ್ಟ ಯಂತ್ರವಲ್ಲ, ಯಂತ್ರದ ಕೆಟ್ಟ ಸೆಟ್ಟಿಂಗ್.

ಇಂಟರ್‌ಲಾಕಿಂಗ್ ಹಳೆಯ ಯಂತ್ರ. ಇಂಗ್ಲೆಂಡಿನ ಜಾನ್ ಸ್ಯಾಕ್ಸ್‌ಬಿ 1856ರಲ್ಲೇ ಪೇಟೆಂಟ್ ಪಡೆದಿದ್ದ. ಆಗ ಅದು ಕಬ್ಬಿಣದ ಲಿವರ್‌ಗಳ ಸಾಲು. ಒಂದನ್ನು ಎಳೆದರೆ ಅದಕ್ಕೆ ವಿರೋಧವಾದ ಇನ್ನೊಂದು ಕದಲುತ್ತಿರಲಿಲ್ಲ. ಮುಂದೆ ಲಿವರ್‌ಗಳ ಜಾಗಕ್ಕೆ ರಿಲೇಗಳೂ ರಿಲೇಗಳ ಜಾಗಕ್ಕೆ ಕಂಪ್ಯೂಟರೂ ಬಂದವು, ತರ್ಕ ಮಾತ್ರ ಅದೇ ಉಳಿಯಿತು. ಪ್ರತಿ ನಿಲ್ದಾಣಕ್ಕೂ ಒಂದು ಕೋಷ್ಟಕ ಇರುತ್ತದೆ. ಇಂಥ ಸಿಗ್ನಲ್ ಹಸಿರಾಗಬೇಕಾದರೆ ಯಾವ ಪಾಯಿಂಟ್ ಯಾವ ಕಡೆ ಕೂತು ಬೀಗ ಬಿದ್ದಿರಬೇಕು, ಯಾವ ಹಳಿ ಖಾಲಿ ಇರಬೇಕು, ಬೇರೆ ಯಾವ ಸಿಗ್ನಲ್‌ಗಳು ಕೆಂಪಾಗಿರಬೇಕು ಎಂಬುದೆಲ್ಲ ಅದರಲ್ಲಿರುತ್ತದೆ. ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರಿನಂಥ ಜಂಕ್ಷನ್ನಿನಲ್ಲಿ, ಚಿತ್ರದುರ್ಗ–ರಾಯದುರ್ಗ–ಬಳ್ಳಾರಿ ಹಳಿ ಕವಲೊಡೆಯುವ ಕಡೆ, ಈ ಕೋಷ್ಟಕ ಇನ್ನೂ ಉದ್ದ. ಯಂತ್ರವನ್ನು ಯಾವ ಕಾರ್ಖಾನೆಯಿಂದ ಬೇಕಾದರೂ ತರಿಸಬಹುದು. ಕೋಷ್ಟಕವನ್ನು ಮಾತ್ರ ಆಯಾ ನಿಲ್ದಾಣದ ಹಳಿ ನೋಡಿಯೇ ಬರೆಯಬೇಕು.

ಪಾಯಿಂಟ್ ಎಂದರೆ ಮುಖ್ಯ ಹಳಿಗೆ ಅಂಟಿ ಕೂರುವ, ತುದಿ ಚೂಪಾದ, ಅತ್ತಿತ್ತ ಸರಿಯುವ ಹಳಿ. ಅದನ್ನು ಮೋಟಾರು ಸರಿಸುತ್ತದೆ. ಮೋಟಾರು ತಿರುಗಿತು ಎಂದ ಮಾತ್ರಕ್ಕೆ ಸಿಗ್ನಲ್ ಬೀಳುವುದಿಲ್ಲ. ಹಳಿ ನಿಜವಾಗಿ ಅಂಟಿ ಕೂತಿದೆ ಎಂದು ಬೇರೆಯೇ ಸಂಪರ್ಕಗಳು ಸಾಕ್ಷಿ ಹೇಳಬೇಕು. ಆ ಸಾಕ್ಷಿಯನ್ನು ಪರೀಕ್ಷಿಸಲು ಸಿಬ್ಬಂದಿ ಪಾಯಿಂಟಿನ ತುದಿಯ ಬಳಿ 5 ಮಿಲಿಮೀಟರ್ ದಪ್ಪದ ಲೋಹದ ತುಂಡು ಸಿಕ್ಕಿಸಿ ನೋಡುತ್ತಾರೆ. ಆಗಲೂ ಬೀಗ ಬಿದ್ದಂತೆ ತೋರಿಸಿದರೆ ಪಾಯಿಂಟ್ ಫೇಲ್. ಅಷ್ಟು ಸಣ್ಣ ಸಂದಿಯನ್ನೂ ಸಹಿಸದ ವ್ಯವಸ್ಥೆ ಹೊಸದುರ್ಗ ರೋಡಿನಲ್ಲಿ ಇಡೀ ದಾರಿಯನ್ನೇ ತಪ್ಪಿಸಿತು.

ಹಳಿಯ ಪಕ್ಕದಲ್ಲಿ ನಿಂತಿರುವ ಲೋಹದ ಪೆಟ್ಟಿಗೆಗೆ ಲೊಕೇಶನ್ ಬಾಕ್ಸ್ ಎನ್ನುತ್ತಾರೆ. ನಿಲ್ದಾಣದಿಂದ ಬಂದ ತಂತಿಗಳು ಅದರೊಳಗೆ ಪಾಯಿಂಟಿನ ಮೋಟಾರಿಗೂ ಸಿಗ್ನಲ್ ದೀಪಕ್ಕೂ ಕವಲಾಗುತ್ತವೆ. ಅಂದು ಸಿಗ್ನಲ್ ದೋಷ ಸರಿಪಡಿಸುತ್ತಿದ್ದ ಸಿಬ್ಬಂದಿ ಈ ಪೆಟ್ಟಿಗೆಗೆ ಕೈಹಾಕಿದ್ದೇ ಕಾರಣವೆಂದು ವರದಿಯಾಯಿತು. ನಮ್ಮ ಅಡಿಕೆ ತೋಟಗಳಲ್ಲಿ ಕರೆಂಟು ಎರಡೇ ಫೇಸ್ ಇರುವಾಗ ಮೋಟಾರನ್ನು ಕಾಯುವ ಸ್ಟಾರ್ಟರಿನ ಪ್ರಿವೆಂಟರ್ ತಪ್ಪಿಸಿ ಮೋಟಾರಿಗೆ ‘ಡೈರೆಕ್ಟ್’ ಕೊಡುವುದುಂಟಲ್ಲ, ಇದೂ ಅದೇ ಜಾತಿಯ ಕೆಲಸ. ತೋಟಕ್ಕೆ ನೀರು ಬಿಡುವ ಅವಸರ ಎಷ್ಟು ನಿಜವೋ, ಗಾಡಿ ತಡವಾಗಬಾರದೆಂಬ ಒತ್ತಡವೂ ಅಷ್ಟೇ ನಿಜ. ಆ ಸಿಬ್ಬಂದಿಯನ್ನು ಮಾತ್ರ ದೂರಿ ಕೈತೊಳೆದುಕೊಳ್ಳುವುದನ್ನು ನಾನು ಒಪ್ಪುವುದಿಲ್ಲ.

ಒಪ್ಪದಿರಲು, ಕಂಪ್ಯೂಟರ್ ಜಾಲಗಳ ಸೆಟ್ಟಿಂಗ್ ತಪ್ಪುಗಳ ಮೇಲೆ ನಡೆದ ಸಂಶೋಧನೆಯ ಆಧಾರವಿದೆ. ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ರಾತುಲ್ ಮಹಾಜನ್ ಮತ್ತು ಸಂಗಡಿಗರು ಮೂರು ವಾರ ಇಂಟರ್ನೆಟ್ಟಿನ ರೂಟರ್‌ಗಳು ಪರಸ್ಪರ ಸಾರಿಕೊಳ್ಳುವ ದಾರಿಗಳನ್ನು ಗಮನಿಸಿ, 2002ರಲ್ಲಿ ಫಲಿತಾಂಶ ಪ್ರಕಟಿಸಿದರು. ದಿನಕ್ಕೆ 200ರಿಂದ 1200 ವಿಳಾಸ ಗುಂಪುಗಳ ದಾರಿ ತಪ್ಪು ಸೆಟ್ಟಿಂಗ್‌ನಿಂದ ಕೆಡುತ್ತಿತ್ತು. ಬಹುಪಾಲು ತಪ್ಪುಗಳು ಬಳಕೆದಾರರ ಗಮನಕ್ಕೇ ಬರುತ್ತಿರಲಿಲ್ಲ. ಭಯಪಡಬೇಕಾದದ್ದು ಇಲ್ಲೇ, ಏಕೆಂದರೆ ತಪ್ಪು ತೊಂದರೆ ಕೊಡದೆ ಬಹುಕಾಲ ಮಲಗಿರಬಲ್ಲದು. 2011ರಲ್ಲಿ ಇನ್ನೊಂದು ತಂಡ ಡೇಟಾ ಸಂಗ್ರಹ ಯಂತ್ರ, ಡೇಟಾಬೇಸ್, ವೆಬ್ ಸರ್ವರ್ ಮುಂತಾದವುಗಳಲ್ಲಿ ನಿಜವಾಗಿ ನಡೆದ 546 ಕಾನ್ಫಿಗರೇಶನ್ ತಪ್ಪುಗಳನ್ನು, ಅಂದರೆ ಸೆಟ್ಟಿಂಗ್ ತಪ್ಪುಗಳನ್ನು, ಬಿಡಿಸಿ ನೋಡಿತು. ಎಲ್ಲಿ ತಪ್ಪಿದೆ ಎಂದು ಯಂತ್ರವೇ ಬೆರಳಿಟ್ಟು ತೋರಿಸಿದ್ದು ಶೇಕಡಾ 7ರಿಂದ 15ರಷ್ಟು ಸಂದರ್ಭಗಳಲ್ಲಿ ಮಾತ್ರ. ಬಿಡಿಯಾಗಿ ನೋಡಿದರೆ ಸರಿಯಾಗಿರುವ ಎರಡು ಸೆಟ್ಟಿಂಗ್‌ಗಳು ಜೊತೆಗೂಡಿದಾಗ ತಪ್ಪಾಗುವುದೂ ಅಲ್ಲಿ ಕಡಿಮೆಯಿರಲಿಲ್ಲ. ಚೆನ್ನಾಗಿ ನಡೆಯುತ್ತಿದ್ದ ವ್ಯವಸ್ಥೆ ಯಾವುದೋ ಬದಲಾವಣೆಯ ನಂತರ ಬಿದ್ದ ಉದಾಹರಣೆಗಳೂ ಸಾಕಷ್ಟಿದ್ದವು.

2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸಾಪ್ ಸುಮಾರು ಆರು ಗಂಟೆ ನಿಂತುಹೋದದ್ದು ಹಲವರಿಗೆ ನೆನಪಿರಬಹುದು. ನಿರ್ವಹಣೆಯ ವೇಳೆ ಕೊಟ್ಟ ಒಂದು ಆದೇಶ ಅವರ ಇಡೀ ಬೆನ್ನೆಲುಬು ಜಾಲವನ್ನು ಕಡಿದುಹಾಕಿತು. ಅಂಥ ಆದೇಶವನ್ನು ತಡೆಯಬೇಕಿದ್ದ ತಪಾಸಣೆ ತಂತ್ರಾಂಶದಲ್ಲೇ ದೋಷವಿತ್ತು.

ಜಾಲ ನಿಂತರೆ ಕೆಲಸ ಕೆಡುತ್ತದೆ, ರೈಲಿನಲ್ಲಿ ಜೀವ ಹೋಗುತ್ತದೆ. ಹೊಸದುರ್ಗ ರೋಡಿನ ಘಟನೆಗೆ ನಾಲ್ಕು ತಿಂಗಳು ತುಂಬುವ ಮೊದಲೇ, ಜೂನ್ 2ರಂದು, ಒಡಿಶಾದ ಬಾಲೇಶ್ವರ ಜಿಲ್ಲೆಯ ಬಹನಾಗಾ ಬಜಾರಿನಲ್ಲಿ ಕೋರಮಂಡಲ್ ಎಕ್ಸ್‌ಪ್ರೆಸ್ ಹಸಿರು ಸಿಗ್ನಲ್ ಪಡೆದು ಲೂಪ್ ಲೈನಿಗೆ ನುಗ್ಗಿ, ನಿಂತಿದ್ದ ಗೂಡ್ಸ್ ಗಾಡಿಗೆ ಬಡಿಯಿತು. 290ಕ್ಕೂ ಹೆಚ್ಚು ಮಂದಿ ಸತ್ತರು. ರೈಲ್ವೆ ಸುರಕ್ಷತಾ ಆಯುಕ್ತರ ತನಿಖೆ ಕಂಡುಕೊಂಡಂತೆ, ಅದೇ ದಿನ ಲೆವೆಲ್ ಕ್ರಾಸಿಂಗ್ ಗೇಟಿಗಾಗಿ ಮಾಡಿದ ಕೆಲಸದಲ್ಲಿ ತಂತಿ ಜೋಡಣೆ ತಪ್ಪಿತ್ತು. ಅದರ ಬೇರು ಇನ್ನೂ ಹಳೆಯದು. ಲೊಕೇಶನ್ ಬಾಕ್ಸಿನ ತಂತಿಗಳ ಗುರುತಿನ ಚೀಟಿಗಳು ವರ್ಷಗಳಿಂದ ತಪ್ಪಾಗಿದ್ದವು. ಮಲಗಿದ್ದ ತಪ್ಪು ಎದ್ದದ್ದು ಹೀಗೆ. ಹೊಸದುರ್ಗ ರೋಡಿನ ಪತ್ರ ದೇಶಕ್ಕೆಲ್ಲ ಗೊತ್ತಾದದ್ದು ಆಮೇಲೆ. ಅಪಘಾತವಾಗದ ಘಟನೆಗಳನ್ನು ನಾವು ಓದುವುದೇ ಇಲ್ಲವೆಂಬುದು ನನ್ನನ್ನು ಕಾಡುತ್ತದೆ.

ಪರಿಹಾರದ ಒಂದು ಎಳೆ ಬೆಂಗಳೂರಿನಲ್ಲೇ ಇದೆ. ಅಲ್ಲಿನ ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾದಲ್ಲಿ ಸೋನು ಮೆಹ್ತಾ, ರಂಜಿತಾ ಭಗವಾನ್ ಮತ್ತು ಸಹೋದ್ಯೋಗಿಗಳು 2020ರಲ್ಲಿ ರೆಕ್ಸ್ ಎಂಬ ತಂತ್ರಾಂಶ ಸಾಧನದ ವಿವರ ಪ್ರಕಟಿಸಿದರು. ಹಿಂದೆಲ್ಲ ಯಾವ ಕಡತದ ಜೊತೆಗೆ ಯಾವ ಕಡತ ಬದಲಾಗಿದೆ ಎಂಬುದನ್ನು ಅದು ಕಲಿತಿರುತ್ತದೆ. ಎಂಜಿನಿಯರ್ ಒಂದನ್ನು ತಿದ್ದಿ ಅದರ ಜೋಡಿಯನ್ನು ಮರೆತರೆ, ಬದಲಾವಣೆ ಜಾರಿಗೆ ಬರುವ ಮೊದಲೇ ಎಚ್ಚರಿಸುತ್ತದೆ. ಆ ಕಂಪನಿಯ 360 ಕಡತ ಭಂಡಾರಗಳಲ್ಲಿ 14 ತಿಂಗಳು ನಡೆದ ಬಳಕೆಯಲ್ಲಿ ಅದು 4,926 ಬದಲಾವಣೆಗಳಿಗೆ ನೆರವಾಯಿತು. ಅದು ತಪ್ಪಿತಸ್ಥರನ್ನು ಹುಡುಕುವುದಿಲ್ಲ, ಮರೆವು ಸಹಜವೆಂದು ಒಪ್ಪಿಕೊಂಡೇ ಕೆಲಸ ಶುರುಮಾಡುತ್ತದೆ.

ಬಹನಾಗಾದ ನಂತರ ರೈಲ್ವೆ ಮಂಡಳಿ ಸಿಗ್ನಲ್ ಉಪಕರಣಗಳ ಕೋಣೆಗಳಿಗೆ ಜೋಡಿ ಬೀಗವಿದೆಯೇ ಎಂದು ಪರಿಶೀಲಿಸಲು ಆದೇಶಿಸಿತು. ಅದು ಬೇಕಾದ ಕೆಲಸವೇ. ಆದರೆ ತಪ್ಪು ಹೆಸರಿನ ತಂತಿಯನ್ನು ಬೀಗ ಗುರುತಿಸದು. ನಿಲ್ದಾಣಗಳಲ್ಲಿ ಡೇಟಾ ಲಾಗರ್‌ಗಳಿವೆ, ರಿಲೇಗಳ ಏಳುಬೀಳನ್ನು ಅವು ಹೊತ್ತು ಸಮೇತ ಬರೆದಿಡುತ್ತವೆ. ಆ ದಾಖಲೆಯನ್ನು ನಿಲ್ದಾಣದ ಕೋಷ್ಟಕದ ಜೊತೆ ಕಂಪ್ಯೂಟರ್ ತಾನಾಗಿ ಹೋಲಿಸಿ, ಹೊಂದದಿದ್ದರೆ ಕೂಡಲೇ ಕೂಗಬೇಕು. ಪೆಟ್ಟಿಗೆ ತೆರೆದು ರಿಪೇರಿ ಮಾಡಿದ ಮೇಲೆ ಪ್ರತಿ ಪಾಯಿಂಟನ್ನೂ ಎರಡೂ ಕಡೆ ತಿರುಗಿಸಿ, ಹಳಿಯ ಬಳಿ ಒಬ್ಬರು, ಪ್ಯಾನೆಲ್ ಎದುರು ಒಬ್ಬರು ನಿಂತು ತಾಳೆ ನೋಡಬೇಕು. ಇದಕ್ಕೆ ಗಾಡಿಗಳನ್ನು ತಡೆದು ಹೊತ್ತು ಕೊಡಬೇಕಾಗುತ್ತದೆ, ಅದನ್ನು ವೇಳಾಪಟ್ಟಿ ಬರೆಯುವವರೇ ಮೊದಲು ಎತ್ತಿಡಬೇಕು.