ಬಯಲುಸೀಮೆಯವರಿಗೂ ಸೇರಿದ ಕಡಲ ಆಸ್ಪತ್ರೆ

ನಮ್ಮ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಕಡೆಯ ಹುಡುಗ ಮಿಲಿಟರಿಗೆ ಸೇರಿದ ಅಂದರೆ ಊರವರ ಕಣ್ಣಿಗೆ ಕಟ್ಟುವುದು ಗಡಿ, ಹಿಮ, ಬಂದೂಕು. ಕೆರೆ ಕೋಡಿ ಬಿದ್ದ ವರ್ಷವನ್ನು ಎಣಿಸಿ ನೆನಪಿಟ್ಟುಕೊಳ್ಳುವ ಸೀಮೆಯಿಂದಲೂ ಹುಡುಗರು ಹಡಗು ಹತ್ತುತ್ತಾರೆ ಎಂಬುದು ಹೆಚ್ಚಿನವರಿಗೆ ಗೊತ್ತೇ ಇಲ್ಲ. ನಾನು ಕೊರಟಗೆರೆ ತಾಲ್ಲೂಕಿನವಳು, ಕೊಟ್ಟಿದ್ದು ಪಾವಗಡ ತಾಲ್ಲೂಕಿಗೆ. ನಮ್ಮ ಮನೆಯವರು ನೌಕಾಪಡೆಯಲ್ಲಿ ಸೈಲರ್ ಆಗಿದ್ದವರು. ಕಾರವಾರದ ಹತ್ತಿರ ಅಮದಳ್ಳಿಯ ನೇವಿ ಕಾಲೊನಿಯಲ್ಲಿ ಸಂಸಾರ ಮಾಡುವಾಗ ನನಗೆ ಒಂದು ಸಂಗತಿ ಚೆನ್ನಾಗಿ ಮನದಟ್ಟಾಯಿತು. ಹಡಗಿನಲ್ಲಿರುವವನ ಧೈರ್ಯದಲ್ಲಿ ಅರ್ಧ ಪಾಲು ದಡದ ಮೇಲಿನ ಆಸ್ಪತ್ರೆಯದ್ದು.

ಆ ಆಸ್ಪತ್ರೆಯ ಹೆಸರು ಐಎನ್‌ಎಚ್‌ಎಸ್ ಪತಂಜಲಿ. ಕಾರವಾರದ ನೌಕಾನೆಲೆ ಕಟ್ಟುವ ಸೀಬರ್ಡ್ ಯೋಜನೆಗೆ ರಾಜೀವ್ ಗಾಂಧಿ 1986ರಲ್ಲಿ ಅಡಿಗಲ್ಲು ಹಾಕಿದರು. ಐಎನ್‌ಎಸ್ ಕದಂಬ ನೆಲೆ ಕಾರ್ಯಾರಂಭ ಮಾಡಿದ್ದು 2005ರ ಮೇ 31ರಂದು. ಮೀನುಗಾರರೂ ರೈತರೂ ಮನೆ, ಗದ್ದೆ ಬಿಟ್ಟುಕೊಟ್ಟ ಜಾಗ ಅದು. ಅದನ್ನು ಮರೆತು ನೆಲೆಯ ಮಾತಾಡುವುದು ಸರಿಯಲ್ಲ. ಆ ನೆಲೆಗೆಂದು 141 ಹಾಸಿಗೆಗಳ ಪತಂಜಲಿ ಬಂತು. ಮುಂಬೈ ಕೊಲಾಬಾದ ಅಶ್ವಿನಿ ನೌಕಾಪಡೆಯ ದೊಡ್ಡಾಸ್ಪತ್ರೆ. ವಿಶಾಖಪಟ್ಟಣದಲ್ಲಿ ಕಲ್ಯಾಣಿ, ಕೊಚ್ಚಿಯಲ್ಲಿ ಸಂಜೀವನಿ, ಗೋವಾದಲ್ಲಿ ಜೀವಂತಿ, ಈಗ ಶ್ರೀ ವಿಜಯಪುರಂ ಎನಿಸಿಕೊಂಡ ಪೋರ್ಟ್ ಬ್ಲೇರ್‌ನಲ್ಲಿ ಧನ್ವಂತರಿ ಇವೆ.

ಹಡಗಿನಲ್ಲಿ ಕಾಯಿಲೆ ಬಿದ್ದವನು ಮೊದಲು ಹೋಗುವುದು ಸಿಕ್ ಬೇ ಎಂಬ ಹಡಗಿನ ಚಿಕಿತ್ಸಾ ಕೋಣೆಗೆ. ಸಣ್ಣ ಹಡಗಾದರೆ ಅಲ್ಲಿ ಡಾಕ್ಟರೂ ಇರುವುದಿಲ್ಲ. ತರಬೇತಾದ ಮೆಡಿಕಲ್ ಅಸಿಸ್ಟೆಂಟ್ ಒಬ್ಬನೇ ಗಾಯ ಹೊಲಿದು, ಡ್ರಿಪ್ ಹಾಕಿ ನೋಡಿಕೊಳ್ಳಬೇಕು. ಕೈಮೀರಿದರೆ ಹೆಲಿಕಾಪ್ಟರಿನಲ್ಲಿ ದಡಕ್ಕೆ ಸಾಗಿಸುತ್ತಾರೆ. ದಡದ ಆಸ್ಪತ್ರೆಯಲ್ಲಿ ತಜ್ಞರಿರುತ್ತಾರೆ. ಮಕ್ಕಳ ಡಾಕ್ಟರಿಗೂ ಹೆಸರಿನ ಹಿಂದೆ ಸರ್ಜನ್ ಲೆಫ್ಟಿನೆಂಟ್, ಸರ್ಜನ್ ಕಮಾಂಡರ್ ಎಂಬ ಹುದ್ದೆಯೇ. ದಾದಿಯರು ಮೂರೂ ಪಡೆಗಳ ಆಸ್ಪತ್ರೆಗಳಲ್ಲಿ ಕೆಲಸ ಮಾಡುವ ಮಿಲಿಟರಿ ನರ್ಸಿಂಗ್ ಸರ್ವಿಸ್‌ನವರು. ಅಲ್ಲಿ ಸಾಧ್ಯವಾಗದ ಚಿಕಿತ್ಸೆಗೆ ಅಶ್ವಿನಿಯಂಥ ದೊಡ್ಡ ಆಸ್ಪತ್ರೆಗೆ ಕಳಿಸುತ್ತಾರೆ. ಸೈಲರ್‌ಗೆ ಮಾತ್ರವಲ್ಲ, ಹೆಂಡತಿ, ಮಕ್ಕಳು, ಅವನನ್ನೇ ನಂಬಿದ ತಂದೆತಾಯಿಗೂ ಚಿಕಿತ್ಸೆ ಉಂಟು, ಕಾಸು ಕೊಡಬೇಕಾಗಿಲ್ಲ.

ಈ 'ತಂದೆತಾಯಿಗೂ' ಎಂಬುದರ ಬೆಲೆ ನನಗೆ ತಿಳಿದದ್ದು ನಮ್ಮ ಅತ್ತೆಯವರಿಂದ. ಪಾವಗಡದ ಕೊಳವೆಬಾವಿ ನೀರು ಎಂಥದ್ದೆಂದು ಆ ಕಡೆಯವರಿಗೆ ಹೇಳಬೇಕಾಗಿಲ್ಲ. ಕಲ್ಲಿನ ಪದರದ ಫ್ಲೋರೈಡ್ ನೀರಿಗೆ ಕರಗುತ್ತದೆ. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತದೆ, ಪ್ರಮಾಣ ಇನ್ನೂ ಹೆಚ್ಚಿದ್ದರೆ ದೊಡ್ಡವರ ಮೂಳೆ ಕೀಲುಗಳು ಬಿಗಿದುಕೊಳ್ಳುತ್ತವೆ. ಅತ್ತೆ ಕೂತರೆ ಏಳಲಾರರು. ಕತ್ತು ತಿರುಗಿಸಬೇಕಾದರೆ ಇಡೀ ಮೈ ತಿರುಗಿಸುತ್ತಿದ್ದರು. ಊರಲ್ಲಿ ವಾಯು ಅಂತ ಎಣ್ಣೆ ತಿಕ್ಕಿದ್ದೇ ತಿಕ್ಕಿದ್ದು.

ಮನೆಯವರು ಸೇಲಿಂಗಿಗೆ ಹೋಗಿದ್ದಾಗ ಅವರನ್ನು ಪತಂಜಲಿಗೆ ಕರೆದುಕೊಂಡು ಹೋದವಳು ನಾನೇ. ನಮ್ಮ ಅತ್ತೆಯ ಮನೆಮಾತು ತೆಲುಗು, ಕನ್ನಡವೂ ಬರುತ್ತದೆ, ಹಿಂದಿಯ ಗಂಧವಿಲ್ಲ. ಡಾಕ್ಟರು ಹಿಂದಿಯವರು, ಸಿಸ್ಟರ್ ಮಲಯಾಳಿ. ಅತ್ತೆ ಸೆರಗು ಬಾಯಿಗೆ ಹಿಡಿದು ಸುಮ್ಮನೆ ಕೂತುಬಿಟ್ಟರು. ಆಗ ಬಿಳಿ ಯೂನಿಫಾರ್ಮಿನ ಮೆಡಿಕಲ್ ಅಸಿಸ್ಟೆಂಟ್ ಹುಡುಗ, ಶ್ರೀಕಾಕುಳಂ ಕಡೆಯವನು, ಮಂಡಿಯೂರಿ ಕೂತು "ಅಮ್ಮಾ, ಎಕ್ಕಡ ನೊಪ್ಪಿ?" ಅಂದ. ಎಲ್ಲಿ ನೋವು ಎಂದು ತಮ್ಮ ಭಾಷೆಯಲ್ಲಿ ಒಬ್ಬರು ಕೇಳಿದ್ದೇ ತಡ, ಅತ್ತೆ ಕತ್ತಿನಿಂದ ಹಿಮ್ಮಡಿಯವರೆಗೆ ಎಲ್ಲವನ್ನೂ ಹೇಳಿಕೊಂಡರು. ಎಕ್ಸ್‌ರೇ ತೆಗೆಸಿದರು. ಮನೆಯಲ್ಲಿ ಯಾವ ನೀರು, ಬೋರು ಎಷ್ಟು ಅಡಿ, ಊರಲ್ಲಿ ಬೇರೆಯವರಿಗೂ ಹೀಗಿದೆಯಾ ಎಂದು ಡಾಕ್ಟರು ಕೇಳಿದ್ದನ್ನು ಆ ಹುಡುಗ ತೆಲುಗಿಗೆ ಹೇಳುತ್ತಾ ಹೋದ. ಬಿಗಿದ ಮೂಳೆ ಮೊದಲಿನಂತಾಗುವುದಿಲ್ಲ, ಆದರೆ ನೀರು ಬದಲಾಯಿಸಿದರೆ ಇನ್ನಷ್ಟು ಕೆಡುವುದು ನಿಲ್ಲುತ್ತದೆ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು. ನೋವಿಗೆ ಮಾತ್ರೆ, ಕ್ಯಾಲ್ಸಿಯಂ, ವ್ಯಾಯಾಮ. ಹಾಲು ಮೊಸರು ತಪ್ಪಿಸಬಾರದು, ಬೋರಿನ ನೀರು ಬಾಯಿಗಿಡಬಾರದು. ಅಂದಿನಿಂದ ನಮ್ಮ ಮನೆಯಲ್ಲಿ ಅಡಿಗೆಗೂ ಶುದ್ಧೀಕರಣ ಘಟಕದ ನೀರೇ.

ಪತಂಜಲಿ ತನ್ನವರಿಗಷ್ಟೇ ಬಾಗಿಲು ತೆರೆದ ಆಸ್ಪತ್ರೆಯಲ್ಲ ಎಂಬುದಕ್ಕೂ ದಾಖಲೆಯಿದೆ. 2020ರಲ್ಲಿ ಕೊರೊನಾ ಬಂದ ಶುರುವಿನಲ್ಲೇ ಉತ್ತರ ಕನ್ನಡ ಜಿಲ್ಲಾಡಳಿತ ಕೇಳಿಕೊಂಡಿತು. ಭಟ್ಕಳದ ಸೋಂಕಿತರನ್ನು ಅಲ್ಲಿ ಸೇರಿಸಿಕೊಂಡು ಆರೈಕೆ ಮಾಡಿದರು. ಸೋಂಕು ತಗುಲಿದ ನಾಗರಿಕರನ್ನು ನೋಡಿಕೊಂಡ ದೇಶದ ಮೊದಮೊದಲ ಸೇನಾ ಆಸ್ಪತ್ರೆಗಳಲ್ಲಿ ಅದೂ ಒಂದು. ಜನ ಪಕ್ಕದ ಮನೆಯವರನ್ನೂ ಮುಟ್ಟಲು ಹೆದರುತ್ತಿದ್ದ ದಿನಗಳವು. ಅದನ್ನು ನೆನೆದರೆ ನನಗೆ ಇವತ್ತಿಗೂ ಹೆಮ್ಮೆ.

ಸೇವೆ ಮುಗಿಸಿ ಊರಿಗೆ ಬಂದ ಮೇಲೆ ಕಾರವಾರ ದೂರ. ಆಗ ಕೈಹಿಡಿಯುವುದು 2003ರ ಏಪ್ರಿಲ್‌ನಲ್ಲಿ ಶುರುವಾದ ಇಸಿಎಚ್‌ಎಸ್, ಅಂದರೆ ಮಾಜಿ ಸೈನಿಕರು ಒಂದು ಸಲ ವಂತಿಗೆ ಕಟ್ಟಿ ಸೇರುವ ಆರೋಗ್ಯ ಯೋಜನೆ. ನಮ್ಮ ನಾಲ್ಕು ತಾಲ್ಲೂಕಿನವರಿಗೆ ಜಿಲ್ಲೆಯಲ್ಲಿರುವುದು ತುಮಕೂರಿನ ಪಾಲಿಕ್ಲಿನಿಕ್. ಅಲ್ಲಿಂದ ರೆಫರಲ್ ಬರೆದುಕೊಟ್ಟರೆ ಒಪ್ಪಂದದ ಖಾಸಗಿ ಆಸ್ಪತ್ರೆಗೆ ಹೋಗಬಹುದು. ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯಲ್ಲಿ ವಾಯುಪಡೆಯ ಕಮಾಂಡ್ ಆಸ್ಪತ್ರೆಯೂ ಇದೆ. ಕೊರಟಗೆರೆಯವರಿಗೆ ತುಮಕೂರು ಹತ್ತಿರ. ಪಾವಗಡದ ಮುದುಕರು ಬಿಪಿ ಮಾತ್ರೆಗೆಂದು ಮಧುಗಿರಿ, ಕೊರಟಗೆರೆ ದಾಟಿ ನೂರು ಕಿಲೋಮೀಟರಿನಷ್ಟು ಬಸ್ಸಿನಲ್ಲಿ ಕೂರಬೇಕು. ತಿಂಗಳಿಗೊಂದು ದಿನ ಮಧುಗಿರಿಗಾದರೂ ಡಾಕ್ಟರು ಗಾಡಿಯಲ್ಲಿ ಔಷಧ ತಂದರೆ ಎಷ್ಟೋ ಜನ ಉಸಿರಾಡಿಕೊಳ್ಳುತ್ತಾರೆ.

ಶಿರಾ ಕಡೆಯಿಂದ ಆಗಾಗ ಫೋನು ಬರುತ್ತದೆ: "ಅಕ್ಕಾ, ತಮ್ಮ ನೇವಿಯಲ್ಲಿದ್ದಾನೆ, ಅಮ್ಮನನ್ನು ನೇವಿ ಆಸ್ಪತ್ರೆಯಲ್ಲಿ ತೋರಿಸಬಹುದಾ?" ತೋರಿಸಬಹುದು, ಆದರೆ ತಾಯಿ ಅವನ ಅವಲಂಬಿತರೆಂದು ಮೊದಲೇ ದಾಖಲಾಗಿರಬೇಕು. ಸೈಲರ್ ತನ್ನ ಯೂನಿಟ್ಟಿನಲ್ಲಿ ಜೆನ್‌ಫಾರ್ಮ್ ಎಂಬ ನಮೂನೆ ತುಂಬಿಸಿದರೆ ಅದು ಮುಂಬೈನ ಬ್ಯೂರೋ ಆಫ್ ಸೈಲರ್ಸ್‌ಗೆ ಹೋಗಿ ಸೇವಾ ದಾಖಲೆಯಲ್ಲಿ ಸೇರುತ್ತದೆ. ಇಸಿಎಚ್‌ಎಸ್‌ನಲ್ಲಾದರೆ ತಂದೆತಾಯಿಯ ಆದಾಯ ತಿಂಗಳಿಗೆ 9,000 ರೂಪಾಯಿ, ಅದರ ಮೇಲಿನ ತುಟ್ಟಿಭತ್ಯೆ ಸೇರಿ ಬರುವ ಮೊತ್ತ ದಾಟಿರಬಾರದು. ಆದಾಯ ಪ್ರಮಾಣಪತ್ರ ನಾಡಕಚೇರಿಯಲ್ಲೇ ಸಿಗುತ್ತದೆ. ತೊಡಕಾಗುವುದು ಹೆಸರಿನಲ್ಲಿ. ನಮ್ಮ ಕಡೆ ಒಬ್ಬರೇ ಹೆಂಗಸು ಆಧಾರ್‌ನಲ್ಲಿ ಹನುಮಕ್ಕ, ರೇಷನ್ ಕಾರ್ಡಿನಲ್ಲಿ ಹನುಮಂತಮ್ಮ, ಮಗನ ಮಾರ್ಕ್ಸ್ ಕಾರ್ಡಿನಲ್ಲಿ ಅಂಜಿನಮ್ಮ ಆಗಿರುತ್ತಾರೆ. ಮಗ ಮುಂದಿನ ರಜೆಗೆ ಬಂದಾಗ ಹಬ್ಬದ ಓಡಾಟದ ನಡುವೆ ಒಂದು ದಿನ ಇದಕ್ಕೇ ಇಟ್ಟುಕೊಂಡು ಎಲ್ಲ ಕಾಗದದಲ್ಲೂ ಒಂದೇ ಹೆಸರು ಬರುವಂತೆ ತಿದ್ದಿಸಿ.