ಗೋಡೆಯಿಲ್ಲದ ತರಗತಿಯಲ್ಲಿ ಪರಿಸರ ಪಾಠ

ಇಂಡೊನೇಷ್ಯಾದ ಬಾಲಿ ದ್ವೀಪದಲ್ಲಿ ಆಯುಂಗ್ ನದಿ ಹರಿಯುವ ಸಿಬಾಂಗ್ ಕಾಜಾ ಎಂಬ ಹಳ್ಳಿಯಿದೆ. ಅಲ್ಲಿ 2008ರಲ್ಲಿ ಶುರುವಾದ ಖಾಸಗಿ ಶಾಲೆಯ ಹೆಸರು ಗ್ರೀನ್ ಸ್ಕೂಲ್. ಆಭರಣ ವಿನ್ಯಾಸದಲ್ಲಿ ಹೆಸರು ಮಾಡಿದ್ದ ಕೆನಡಾ ಮೂಲದ ಜಾನ್ ಹಾರ್ಡಿ ಮತ್ತು ಅವರ ಪತ್ನಿ ಸಿಂಥಿಯಾ ಇದನ್ನು ಕಟ್ಟಿದರು.

ಇಲ್ಲಿ ಪರಿಸರ ವಿಜ್ಞಾನವನ್ನು ಪುಸ್ತಕಕ್ಕಿಂತ ಮೊದಲು ಶಾಲೆಯ ಕಟ್ಟಡವೇ ಕಲಿಸುತ್ತದೆ. ತರಗತಿಗಳಿಗೆ ಗೋಡೆಯಿಲ್ಲ. ಕಂಬ, ತೊಲೆ, ಮೇಜು ಎಲ್ಲವೂ ಬಿದಿರಿನವು. ಹಸಿ ಬಿದಿರನ್ನು ಹಾಗೇ ಬಳಸಿದರೆ ಅದರೊಳಗಿನ ಪಿಷ್ಟದ ಆಸೆಗೆ ಕುಟ್ಟೆ ಹುಳು ಬಂದು ಕೊರೆದು ಪುಡಿ ಮಾಡುತ್ತದೆ. ಹಾಗಾಗದಿರಲೆಂದು ಬಿದಿರಿಗೆ ಬೋರಾಕ್ಸ್ ಬೆರೆಸಿದ ನೀರು ಉಣಿಸುತ್ತಾರೆ. ತಲೆ ಮೇಲಿನ ಸೂರು ಏಕೆ ನಿಂತಿದೆ ಎಂದು ಕೇಳಿದ ಹುಡುಗನಿಗೆ ಸಸ್ಯಶಾಸ್ತ್ರ, ಕೀಟಶಾಸ್ತ್ರ, ರಸಾಯನಶಾಸ್ತ್ರ ಮೂರೂ ಒಟ್ಟಿಗೇ ಸಿಗುತ್ತವೆ. ಸೌರ ಫಲಕ, ಕಾಂಪೋಸ್ಟ್ ಶೌಚಾಲಯ, ತರಕಾರಿ ಮಡಿಗಳೂ ಪಠ್ಯದ ಭಾಗವೇ.

ನನಗೆ ಬಹಳ ಹಿಡಿಸಿದ್ದು ಬಯೋ ಬಸ್. ಹೋಟೆಲುಗಳಲ್ಲಿ ಕರಿದು ಉಳಿದ ಎಣ್ಣೆಯಿಂದ ಬಯೋಡೀಸೆಲ್ ತಯಾರಿಸಿ ಶಾಲಾ ಬಸ್ ಓಡಿಸುವ ಈ ಯೋಜನೆಯನ್ನು ಆರಂಭಿಸಿದವರು ವಿದ್ಯಾರ್ಥಿಗಳೇ. ಸೋಸಿದ ಎಣ್ಣೆಗೆ ಮೆಥನಾಲ್ ಮತ್ತು ಕ್ಷಾರ ಬೆರೆಸಿ, ಬಿಸಿ ಮಾಡಿ ಕಲಕಿ ಬಿಟ್ಟರೆ ದ್ರವ ಎರಡು ಪದರವಾಗುತ್ತದೆ. ಮೇಲೆ ತಿಳಿಯಾದ ಇಂಧನ, ತಳದಲ್ಲಿ ಮಂದವಾದ ಗ್ಲಿಸರಿನ್. ಆ ಗ್ಲಿಸರಿನ್ ಕೂಡ ವ್ಯರ್ಥವಾಗದೆ ಸಾಬೂನಾಗುತ್ತದೆ. ತಾವು ಮಾಡಿದ ಇಂಧನದಲ್ಲೇ ಮನೆಗೆ ಹೋಗುವ ಹದಿಹರೆಯದವರಿಗೆ ಇಂಗಾಲದ ಲೆಕ್ಕ ಬರೀ ಪರೀಕ್ಷೆಯ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಈ ಕಲಿಕೆ ಶಾಲೆಯ ಆಚೆಗೂ ಹರಿದಿದೆ. 2013ರಲ್ಲಿ ಇಲ್ಲಿ ಓದುತ್ತಿದ್ದ ಅಕ್ಕ-ತಂಗಿ ಮೆಲಾಟಿ ಮತ್ತು ಇಸಾಬೆಲ್ ವೈಸೆನ್ ಪ್ಲಾಸ್ಟಿಕ್ ಚೀಲದ ವಿರುದ್ಧ ಚಳವಳಿ ಕಟ್ಟಿದರು. ಆಗ ಅವರಿಗೆ 12 ಮತ್ತು 10 ವರ್ಷ. ಕಡಲತೀರ ಗುಡಿಸಿದರು, ಸಹಿ ಸಂಗ್ರಹಿಸಿದರು, ರಾಜ್ಯಪಾಲರು ಭೇಟಿಗೆ ಒಪ್ಪುವವರೆಗೆ ಹಗಲು ಉಪವಾಸ ಕೂತರು. ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ಚೀಲ, ಸ್ಟ್ರಾ, ಥರ್ಮೋಕೋಲ್‌ಗಳ ಮೇಲಿನ ನಿಷೇಧ ಬಾಲಿಯಲ್ಲಿ 2019ರಲ್ಲಿ ಜಾರಿಗೆ ಬಂತು. ಅದಕ್ಕೆ ದುಡಿದವರು ಅನೇಕರಿದ್ದರು, ಆದರೆ ಈ ಮಕ್ಕಳ ದನಿ ಅದರಲ್ಲಿ ಸ್ಪಷ್ಟವಾಗಿ ಕೇಳುತ್ತಿತ್ತು.

ಇಂಥ ಸ್ವಂತ ಆಯ್ಕೆಗೆ ಪಠ್ಯದಲ್ಲೂ ಜಾಗವಿದೆ: ಕೊನೆಯ ವರ್ಷದವರು ತಮಗೆ ಬೇಕಾದ ವಿಷಯ ಆಯ್ದು, ಅದರಲ್ಲಿ ಮುಳುಗಿ, ‘ಗ್ರೀನ್‌ಸ್ಟೋನ್’ ಎಂಬ ಯೋಜನೆಯಾಗಿ ಎಲ್ಲರ ಮುಂದೆ ಮಂಡಿಸುತ್ತಾರೆ.

ಒಂದು ಮಾತನ್ನು ಮುಚ್ಚಿಡಬಾರದು: ಇದು ದುಬಾರಿ ಶಾಲೆ. ಹೈಸ್ಕೂಲಿನ ವಾರ್ಷಿಕ ಶುಲ್ಕ ಹತ್ತು ಸಾವಿರ ಡಾಲರಿಗೂ ಹೆಚ್ಚು. ಓದುವವರಲ್ಲಿ ಬಹುಪಾಲು ವಿದೇಶಿ ಕುಟುಂಬಗಳ ಮಕ್ಕಳು. ಪ್ರಕೃತಿಯ ಪಾಠ ಉಳ್ಳವರಿಗಷ್ಟೇ ಸಿಗುವುದು ನನಗೆ ಒಪ್ಪಿಗೆಯಿಲ್ಲ. ಶಾಲೆಯೂ ಇದನ್ನು ಅರಿತಂತಿದೆ. ಸ್ಥಳೀಯ ಮಕ್ಕಳಿಗೆ ವಿದ್ಯಾರ್ಥಿವೇತನದ ಜೊತೆಗೆ ‘ಕುಲ್‌ಕುಲ್’ ಹೆಸರಿನ ಸಂಜೆ ಪಾಠಗಳೂ ಇವೆ. ಸುತ್ತಲಿನ ಹಳ್ಳಿಗಳ ಮಕ್ಕಳು ಅಲ್ಲಿ ಇಂಗ್ಲಿಷ್ ಮತ್ತು ಪರಿಸರದ ಪಾಠ ಕಲಿಯುತ್ತಾರೆ. ಶುಲ್ಕವಾಗಿ ತರುವುದು ಮನೆಯಲ್ಲಿ ವಿಂಗಡಿಸಿದ, ಮರುಬಳಕೆಗೆ ಬರುವ ಕಸ.