ಶಾಸನಸಂಗ್ರಹದ ವಿನ್ಯಾಸ: ಗುಂಡ್ಲುಪೇಟೆ ಸೀಮೆಯ ಒಂದು ನಿದರ್ಶನ

ಶಾಸನಾಭ್ಯಾಸದಲ್ಲಿ ತೊಡಗಿದವರಿಗೆ ಶಾಸನವನ್ನು ಓದುವ ಕಷ್ಟಕ್ಕಿಂತ ಮುಂಚೆಯೇ ಒದಗುವ ಕಷ್ಟವೊಂದುಂಟು. ಅದು ಶಾಸನವನ್ನು ಹುಡುಕುವ ಕಷ್ಟ. ಚಾಮರಾಜನಗರ ಜಿಲ್ಲೆಯ ಶಾಸನಗಳ ಪಾಠಗಳನ್ನೂ ಛಾಯಾಚಿತ್ರಗಳನ್ನೂ ಗಣಕಯಂತ್ರದಲ್ಲಿ ಶೇಖರಿಸುವ ಕಾರ್ಯವನ್ನು ನಮ್ಮ ವಿಭಾಗವು ಕೈಕೊಂಡಾಗ, ಜಿಲ್ಲೆ, ತಾಲ್ಲೂಕು, ಗ್ರಾಮ ಎಂಬ ಕ್ರಮದಲ್ಲಿ ಕೋಶದೊಳಗೆ ಕೋಶವನ್ನಿಟ್ಟೆವು. ಕೊಳ್ಳೇಗಾಲದಿಂದ ಹನೂರು ಪ್ರತ್ಯೇಕ ತಾಲ್ಲೂಕಾಗಿರುವುದನ್ನು ಅನುಸರಿಸಿ ಕೆಲವು ಗ್ರಾಮಗಳ ಕೋಶಗಳನ್ನು ಅನಂತರ ಸ್ಥಳಾಂತರಿಸಿದೆವು. ವಿದ್ಯಾರ್ಥಿಗಳು ತಮ್ಮ ಟಿಪ್ಪಣಿಗಳಲ್ಲಿ ಬರೆದುಕೊಂಡಿದ್ದ ವಿಳಾಸಗಳು ಒಮ್ಮೆಗೇ ನಿರರ್ಥಕವಾದುವು. ತಪ್ಪು ನಮ್ಮದೇ. ಆದರೆ ಈ ತಪ್ಪಿಗೆ ದೀರ್ಘವಾದ ಪೂರ್ವೇತಿಹಾಸವಿರುವುದರಿಂದ ಅದನ್ನಿಲ್ಲಿ ವಿವರಿಸುವುದು ಉಚಿತವೆಂದು ಭಾವಿಸುತ್ತೇವೆ.

ಬಿ. ಎಲ್. ರೈಸ್ ಅವರು ಎಪಿಗ್ರಾಫಿಯ ಕರ್ನಾಟಿಕದ ಸಂಪುಟಗಳನ್ನು ಬಹುಮಟ್ಟಿಗೆ ಜಿಲ್ಲೆಗಳಿಗನುಸಾರವಾಗಿ ವಿಂಗಡಿಸಿ, ಪ್ರತಿ ತಾಲ್ಲೂಕಿನ ಶಾಸನಗಳಿಗೂ ಬೇರೆಬೇರೆ ಕ್ರಮಸಂಖ್ಯೆಯನ್ನು ಕೊಟ್ಟರು. ಗುಂಡ್ಲುಪೇಟೆಯ ಶಾಸನಗಳು ೧೮೯೮ರಲ್ಲಿ ಪ್ರಕಟವಾದ ನಾಲ್ಕನೆಯ ಸಂಪುಟದಲ್ಲಿವೆ. ಸಾವಿರಾರು ಶಾಸನಗಳನ್ನು ಒಂದು ಕಟ್ಟಿಗೆ ತಂದ ಈ ಕ್ರಮದ ಉಪಕಾರ ದೊಡ್ಡದು. ಆದರೆ ಮುಂದೆ ದೊರೆತ ಶಾಸನಗಳಿಗೆ ಅದರಲ್ಲಿ ಎಡೆಯಿರಲಿಲ್ಲ. ಅವುಗಳಲ್ಲಿ ಅನೇಕವು ಮೈಸೂರು ಪುರಾತತ್ವ ಇಲಾಖೆಯ ವಾರ್ಷಿಕ ವರದಿಗಳಲ್ಲಿ ಪ್ರಕಟವಾಗಿ, ಸ್ಥಳದ ಕ್ರಮವೊಂದು, ವರ್ಷದ ಕ್ರಮವೊಂದು ಎಂದು ಸಂಗ್ರಹವು ಎರಡಾಯಿತು. ೧೯೫೬ರವರೆಗೆ ಮದರಾಸಿಗೆ ಸೇರಿದ್ದ ಕೊಳ್ಳೇಗಾಲವಂತೂ ಈ ಎರಡಕ್ಕೂ ಹೊರಗಾಗಿತ್ತು.

ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು ೧೯೭೨ರಿಂದ ಹೊರತಂದ ಪರಿಷ್ಕೃತ ಸಂಪುಟಗಳು ಚೆದುರಿದ್ದುದನ್ನು ಒಂದುಗೂಡಿಸಿದುವು. ಒಂದುಗೂಡಿಸುವಾಗ ವಿಳಾಸಗಳು ಬದಲಾಗುವುದು ಅನಿವಾರ್ಯವಾಯಿತು. ಗುಂಡ್ಲುಪೇಟೆಯು ಮೂರನೆಯ ಸಂಪುಟಕ್ಕೂ, ರೈಸ್ ಅವರ ನಾಲ್ಕನೆಯದರಲ್ಲಿದ್ದ ಕೃಷ್ಣರಾಜಪೇಟೆಯು ಆರನೆಯದಕ್ಕೂ, ನಾಗಮಂಗಲವು ಏಳನೆಯದಕ್ಕೂ ಹೋದುವು. ಹೊಸ ಶಾಸನಗಳು ಸೇರಿದುದರಿಂದ ಕ್ರಮಸಂಖ್ಯೆಗಳೂ ಸರಿದುವು. ಇಂದು ಲೇಖಕನೊಬ್ಬನು ಗುಂಡ್ಲುಪೇಟೆಯ ಶಾಸನವೊಂದಕ್ಕೆ 'ಸಂಪುಟ ೩' ಎಂದಷ್ಟೇ ಆಧಾರ ಕೊಟ್ಟರೆ, ರೈಸ್ ಅವರ ಮೂರನೆಯ ಸಂಪುಟವನ್ನು ತೆರೆದ ಓದುಗನಿಗೆ ಗುಂಡ್ಲುಪೇಟೆಯೇ ಸಿಕ್ಕದು. ಪರಿಷ್ಕರಣಕಾರರು ಹಳೆಯ ಸಂಖ್ಯೆಯನ್ನೂ ಸೂಚಿಸಿರುವುದೊಂದೇ ಇಲ್ಲಿ ನಮ್ಮನ್ನು ಕಾಪಾಡುವುದು.

ಹಿಮವದ್ ಗೋಪಾಲಸ್ವಾಮಿ ಬೆಟ್ಟವನ್ನೇ ನೋಡಬಹುದು. ಹಂಗಳದ ಮೇಲೆ ಹಾದು ತಲುಪುವ, ೧೪೫೪ ಮೀಟರ್ ಎತ್ತರದ ಈ ಬೆಟ್ಟದ ದೇವಾಲಯವು ೧೩೧೫ರ ಸುಮಾರಿಗೆ ಹೊಯ್ಸಳರ ಕಾಲದಲ್ಲಿ ಆಯಿತೆಂಬುದು ರೂಢಿಯ ಮಾತು. ರೈಸ್ ಅವರ ಕಾಲದಲ್ಲಿ ಅದು ಮೈಸೂರು ಜಿಲ್ಲೆಯದು. ೧೯೯೭ರಿಂದ ಚಾಮರಾಜನಗರ ಜಿಲ್ಲೆಯದು. ಬೆಟ್ಟ ಇದ್ದಲ್ಲೇ ಇದೆ. ಹಾಗಾದರೆ ಜಿಲ್ಲೆಯನ್ನು ಬಿಟ್ಟು ಊರ ಹೆಸರನ್ನೇ ಆಧಾರವಾಗಿಟ್ಟುಕೊಳ್ಳಬಾರದೇಕೆ ಎಂದು ಕೇಳಬಹುದು. ಊರ ಹೆಸರೂ ಸ್ಥಿರವಲ್ಲ. ಅರಿಕುಠಾರವು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ೧೮೧೮ರಲ್ಲಿ, ಚಾಮರಾಜನಗರವಾಯಿತು. ಗುಂಡ್ಲುಪೇಟೆಗೂ ಹಿಂದೆ ವಿಜಯಪುರವೆಂಬ ಹೆಸರಿದ್ದಿತು.

ಇದೇ ತೊಡಕು ನಮ್ಮ ಶಾಸ್ತ್ರಕ್ಕೆ ದೂರವಾದ ಕ್ಷೇತ್ರದಲ್ಲೂ ಎದುರಾಗಿದ್ದುದು ಗಮನಾರ್ಹ. ಗಣಕಯಂತ್ರದ ತಂತ್ರಾಂಶಗಳನ್ನು ಕಟ್ಟುಗಳಾಗಿ ಹಂಚುವ ಡೆಬಿಯನ್ ಎಂಬ ಯೋಜನೆಯ ಭಂಡಾರದಲ್ಲಿ ಮೊದಲು ಪ್ರತಿಯೊಂದು ಆವೃತ್ತಿಗೂ ಪ್ರತ್ಯೇಕ ಕೋಶವಿದ್ದಿತು. ಕಟ್ಟೊಂದು ಒಂದು ಆವೃತ್ತಿಯಿಂದ ಇನ್ನೊಂದಕ್ಕೆ ಸೇರಿದಾಗ ಅದರ ವಿಳಾಸ ಬದಲಾಗಿ, ಲೋಕದ ನಾನಾ ಕಡೆಗಳಲ್ಲಿದ್ದ ಪ್ರತಿಭಂಡಾರಗಳು ಅದನ್ನು ಪುನಃ ತರಿಸಿಕೊಳ್ಳಬೇಕಾಗುತ್ತಿದ್ದಿತು. ೨೦೦೦ದಲ್ಲಿ ಅವರು ಈ ಕ್ರಮವನ್ನು ಬಿಟ್ಟು, ಕಟ್ಟುಗಳನ್ನೆಲ್ಲ ಮೂಲದ ಹೆಸರಿನ ಮೊದಲಕ್ಷರದ ಮೇರೆಗೆ ಒಂದು ಸಾಮಾನ್ಯ ಕೊಳದಲ್ಲಿರಿಸಿದರು. ಯಾವುದು ಯಾವ ಆವೃತ್ತಿಗೆ ಸೇರಿದುದೆಂಬುದನ್ನು ಸೂಚಿಯು ಮಾತ್ರ ಹೇಳತೊಡಗಿತು. ವಸ್ತು ಇರುವ ಎಡೆಯೇ ಬೇರೆ, ವಸ್ತುವಿನ ವರ್ಗವೇ ಬೇರೆ ಎಂಬ ವಿವೇಕವೇ ಈ ಬದಲಾವಣೆಯ ಸಾರ.

ಈ ವಿವೇಕವನ್ನನುಸರಿಸಿ ನಾವೂ ನಮ್ಮ ಸಂಗ್ರಹವನ್ನು ಪುನಃ ಕಟ್ಟಿದೆವು. ಪ್ರತಿ ಶಾಸನಕ್ಕೂ ಅರ್ಥರಹಿತವಾದ ಒಂದು ಅಂಕಿಯನ್ನು ಕೊಟ್ಟೆವು. ಅದನ್ನು ಬದಲಿಸುವಂತಿಲ್ಲ, ಮತ್ತೊಂದು ಶಾಸನಕ್ಕೆ ಬಳಸುವಂತೆಯೂ ಇಲ್ಲ. ಗ್ರಾಮ, ಹಳೆಯ ಹೆಸರು, ಅಂದಿನ ಮತ್ತು ಇಂದಿನ ತಾಲ್ಲೂಕು, ರೈಸ್ ಅವರ ಸಂಖ್ಯೆ, ವಾರ್ಷಿಕ ವರದಿಯ ವರ್ಷ, ಪರಿಷ್ಕೃತ ಸಂಖ್ಯೆ ಇವೆಲ್ಲವೂ ಸೂಚಿಯ ಅಂಕಣಗಳಾದುವು. ನಾಳೆ ಎಲ್ಲೆ ಬದಲಾದರೆ ಸೂಚಿಯಲ್ಲೊಂದು ಅಂಕಣ ಬದಲಾದೀತು, ಶಾಸನವು ಕದಲದು.

ಈ ಕ್ರಮಕ್ಕೂ ತೆರಬೇಕಾದ ಬೆಲೆಯಿದೆ. ಹಿಂದಿನ ಕೋಶಗಳನ್ನು ತೆರೆದರೆ ತೆರಕಣಾಂಬಿಯ ಶಾಸನಗಳು ಒಟ್ಟಾಗಿ ಕಣ್ಣಿಗೆ ಬೀಳುತ್ತಿದ್ದುವು. ಈಗ ಸೂಚಿಯಿಲ್ಲದೆ ಒಂದು ಹೆಜ್ಜೆಯೂ ಸಾಗದು. ಸೂಚಿ ನಷ್ಟವಾದರೆ ಸಂಗ್ರಹವೇ ನಷ್ಟವಾದಂತೆ. ಆದುದರಿಂದ ಅದರ ಮುದ್ರಿತ ಪ್ರತಿಯನ್ನು ಪ್ರತಿ ವರ್ಷವೂ ಗ್ರಂಥಭಂಡಾರದಲ್ಲಿ ಇರಿಸುವ ಏರ್ಪಾಡನ್ನು ಮಾಡಿದ್ದೇವೆ. ವಿದ್ಯಾರ್ಥಿಗಳು ತಮ್ಮ ಬರಹಗಳಲ್ಲಿ ಹಳೆಯ ಮತ್ತು ಪರಿಷ್ಕೃತ ಸಂಖ್ಯೆಗಳೆರಡನ್ನೂ ತಪ್ಪದೆ ಕೊಡಬೇಕೆಂದು ಕೋರುತ್ತೇವೆ. ಮುಂದೆ ಹುಡುಕುವವನಿಗೆ ದಾರಿಯನ್ನು ಉಳಿಸಿಡುವುದೂ ಸಂಶೋಧನೆಯ ಒಂದು ಅಂಗವೇ ಆಗಿದೆ.